ಬಕೆಟ್ ಎತ್ತಿ ನಿಂತವಳು

ನನ್ನ ಸೊಂಟದ ಮೇಲೆ ಎಷ್ಟೋ ಜನ ಇಂಗ್ಲಿಷ್ ಕಲಿತಿದ್ದಾರೆ. ಜಂಬಕ್ಕೆ ಹೇಳುತ್ತಿಲ್ಲ. ಹೊಟ್ಟೆ ಉರಿದು ಹೇಳುತ್ತಿದ್ದೇನೆ.

ನಾನು ಕಸ ಗುಡಿಸುವವಳು. ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಸಂಜೆ ಹೊತ್ತಿನ ಒಂದು ಇಂಗ್ಲಿಷ್ ಕ್ಲಾಸ್ ಇದೆ. ಅಲ್ಲಿ ನನ್ನ ಕೆಲಸವಿತ್ತು. ಒಂದು ಉದ್ದನೆಯ ಕೋಣೆ, ಬೆಂಚುಗಳು, ಬಿಳಿ ಬೋರ್ಡು, ಬೋರ್ಡಿನ ಪಕ್ಕ ಒಂದು ತಿರುಗುವ ಕುರ್ಚಿ. ಹೊರಗೆ ಮೆಟ್ಟಿಲ ಹತ್ತಿರ ಚಪ್ಪಲಿ ಸ್ಟ್ಯಾಂಡು. ಅದರಾಚೆ ಕಕ್ಕಸು, ಕಕ್ಕಸಿನ ಬಾಗಿಲ ಹಿಂದೆ ನನ್ನ ಪೊರಕೆ, ಬಕೆಟ್ಟು, ನೆಲ ಒರೆಸುವ ಬಟ್ಟೆ. ಗೋಡೆಯ ತುಂಬ ನಗುತ್ತಿರುವವರ ಫೋಟೋಗಳು. ಇಲ್ಲಿ ಕಲಿತವರೆಲ್ಲ ಹೀಗೇ ನಗುತ್ತಾರೆ ಅಂತ ಅರ್ಥವಿರಬೇಕು. ಅವುಗಳ ಧೂಳು ಒರೆಸುವಾಗ ನನಗೆ ಒಂದು ದಿನವೂ ನಗು ಬಂದಿಲ್ಲ.

ಕ್ಲಾಸು ನಡೆಸುವವನನ್ನು ಎಲ್ಲರೂ ಸಾರ್ ಅನ್ನುತ್ತಾರೆ. ಎದುರಿಗೆ ನಾನೂ ಸಾರ್, ನೀವು ಅಂತಲೇ ಅನ್ನುತ್ತಿದ್ದೆ. ಈ ಕಥೆ ಹೇಳುವಾಗ ಮಾತ್ರ ಅವನು ಎಂದೇ ಹೇಳುತ್ತೇನೆ. ಬೇಜಾರಾಗುವವರಿಗೆ ಆಗಲಿ.

ಅವನಿಗೊಂದು ಹುಚ್ಚು. ಪಾಠದಲ್ಲಿ ನಮ್ಮ ಭಾಷೆಯ ಒಂದು ಮಾತೂ ಬರಕೂಡದು. ಕಣ್ಣಾರೆ ನೋಡಬೇಕು, ನೋಡಿದ್ದನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಪೆನ್ನು ಎತ್ತಿ ತೋರಿಸಿದರೆ ಪೆನ್ ಅನ್ನಬೇಕು. ಬಾಗಿಲು ತಟ್ಟಿದರೆ ಡೋರ್ ಅನ್ನಬೇಕು. ಸಾಮಾನುಗಳ ಮಟ್ಟಿಗೆ ಇದರಿಂದ ಯಾರಿಗೂ ನೋವಿರಲಿಲ್ಲ. ಆಮೇಲೆ ಪುಸ್ತಕದಲ್ಲಿ ಮನೆಗೆಲಸದ ಪಾಠ ಬಂತು. ಗುಡಿಸುವುದು, ಒರೆಸುವುದು, ಹಿಂಡುವುದು, ಎತ್ತುವುದು. ಬೇಕಿದ್ದರೆ ಅವನೇ ಗುಡಿಸಿ ತೋರಿಸಬಹುದಿತ್ತು. ಅವನ ಕಣ್ಣು ಬಾಗಿಲ ಹತ್ತಿರ ನಿಂತಿದ್ದ ನನ್ನ ಮೇಲೆ ಬಿತ್ತು.

"ಬಾರಮ್ಮ ಇಲ್ಲಿ. ಪೊರಕೆ ತಗೊಂಡು ಬಾ."

ನಾನು ಆಗಷ್ಟೇ ಒರೆಸಿದ ನೆಲ ಅದು. ಅವನು ಒಂದು ಹಾಳೆ ತೆಗೆದು ಚೂರುಚೂರು ಮಾಡಿ ಅದರ ಮೇಲೆ ಚೆಲ್ಲಿದ.

"ಗುಡಿಸು."

ಗುಡಿಸಿದೆ.

"ನಿಧಾನ, ನಿಧಾನ. ಬಗ್ಗೇ ಇರು. ಏಳಬೇಡ."

ಬೆಂಚಿನಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ನನ್ನನ್ನು ತೋರಿಸಿ ಹೇಳಬೇಕು. ಶಿ ಈಸ್ ಸ್ವೀಪಿಂಗ್ ದಿ ಫ್ಲೋರ್. ಅವಳು ನೆಲ ಗುಡಿಸುತ್ತಿದ್ದಾಳೆ ಅಂತ. ಅವರು ಹೇಳಿ ಮುಗಿಸುವವರೆಗೂ ನಾನು ಗುಡಿಸುತ್ತಲೇ ಇರಬೇಕು. ನಾನು ನಿಲ್ಲಿಸಿದರೆ ಅವರ ವಾಕ್ಯ ಸುಳ್ಳಾಗಿಬಿಡುತ್ತದಂತೆ. ಕಸ ಮುಗಿದರೆ ಅವನು ಮತ್ತೆ ಹಾಳೆ ಹರಿದು ಹಾಕುತ್ತಿದ್ದ. ಒಬ್ಬ ತಪ್ಪು ಹೇಳಿದರೆ ಮತ್ತೆ ಹೇಳಿಸುತ್ತಿದ್ದ. ತಪ್ಪು ಅವರದು, ಬಗ್ಗಿದ ಸೊಂಟ ನನ್ನದು.

ಕ್ಲಾಸು ಬಿಟ್ಟ ಮೇಲೆ ಹೇಳಿದೆ.

"ಸಾರ್, ಗುಡಿಸೋದು ನನ್ನ ಕೆಲಸ. ಗುಡಿಸಿದ ಹಾಗೆ ನಿಂತ್ಕೊಳ್ಳೋದು ಅಲ್ಲ."

ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವತ್ತೇ ಇತ್ಯರ್ಥವಾಗುತ್ತಿತ್ತು. ಬೆಣ್ಣೆಯಂಥ ದನಿ ತೆಗೆದು ಕೇಳಿದ.

"ನಿಂಗೊಬ್ಬಳು ಮಗಳಿದ್ದಾಳೆ ಅಲ್ವಾ? ಕಾಲೇಜಲ್ಲಿ ಒದ್ದಾಡ್ತಿದ್ದಾಳೆ ಅಂದಿದ್ದೆ. ಕರ್ಕೊಂಡು ಬಾ. ಫ್ರೀಯಾಗಿ ಕೂರಲಿ. ನೀನು ನಂಗೆ ಸಹಾಯ ಮಾಡು, ನಾನು ನಿಂಗೆ ಮಾಡ್ತೀನಿ."

ಅಲ್ಲಿ ನಾನು ಸಿಕ್ಕಿಬಿದ್ದೆ.

ಮಗಳ ವಿಷಯ ಹೇಳಬೇಕು. ಹತ್ತನೆಯವರೆಗೆ ನಮ್ಮ ಭಾಷೆಯಲ್ಲಿ ಓದಿದವಳು, ಚೆನ್ನಾಗಿಯೇ ಓದಿದವಳು. ಮೇಷ್ಟ್ರು ಪ್ರಶ್ನೆ ಕೇಳಿ ಮುಗಿಸುವ ಮೊದಲೇ ಕೈ ಎತ್ತುತ್ತಾಳೆ ಅಂತ ನನ್ನನ್ನು ಸ್ಕೂಲಿಗೆ ಕರೆಸಿ ದೂರಿದ್ದರು. ಅಂಥವಳು ಕಾಲೇಜಿಗೆ ಸೇರಿದ್ದೇ ತಡ, ಬಾಯಿಗೆ ಬೀಗ ಬಿತ್ತು. ಅಲ್ಲಿ ಪಾಠ ಇಂಗ್ಲಿಷ್, ಪ್ರಶ್ನೆ ಇಂಗ್ಲಿಷ್, ಪಕ್ಕದಲ್ಲಿ ಕೂತವರ ಹರಟೆಯೂ ಇಂಗ್ಲಿಷ್. ಮನೆಗೆ ಬಂದು ಪುಸ್ತಕ ತೆರೆದು ಒಂದೇ ಪುಟ ನೋಡುತ್ತ ಕೂರುತ್ತಿದ್ದಳು.

"ಎಲ್ಲಾ ಗೊತ್ತಿರೋದೇ ಅಮ್ಮಾ. ಹೇಳಕ್ಕೆ ಬರಲ್ಲ," ಅಂದಳು ಒಂದು ದಿನ. ಇನ್ನೊಂದು ದಿನ, "ನಾನು ಇನ್ನು ಹೋಗಲ್ಲ. ನಿನ್ನ ಜೊತೆ ಕೆಲಸಕ್ಕೇ ಬರ್ತೀನಿ," ಅಂದಳು.

ಅವಳ ಕೈಗೆ ಪೊರಕೆ ಬರಕೂಡದು ಅಂತಲೇ ನಾನು ಇಷ್ಟು ವರ್ಷ ಪೊರಕೆ ಹಿಡಿದದ್ದು. ಅವಳಪ್ಪ ರಾತ್ರಿಯೆಲ್ಲ ಗೇಟು ಕಾಯುವವನು. ಹಗಲು ಮಲಗಿ, ಸಂಜೆ ಎದ್ದು, ಊಟದ ಡಬ್ಬಿ ತೆಗೆದುಕೊಂಡು ಹೋಗುತ್ತಾನೆ. ಇಂಗ್ಲಿಷಿನ ವಿಷಯ ಎತ್ತಿದರೆ, "ನೀನುಂಟು, ನಿನ್ನ ಮಗಳುಂಟು" ಅನ್ನುತ್ತಾನೆ. ಹಾಗಾಗಿ ನಾನು ಹೂಂ ಅಂದೆ. ಮಗಳು ಬೆಂಚಿನಲ್ಲಿ ಕೂತು, ಎದ್ದು ನಿಂತು, ಬಾಯಿಬಿಟ್ಟು ಇಂಗ್ಲಿಷ್ ಮಾತಾಡಿದರೆ ನನಗೆ ಸಾಕಿತ್ತು. ಅದಕ್ಕೆ ಸೊಂಟ ಹೋದರೆ ಹೋಗಲಿ ಅಂದುಕೊಂಡೆ.

ಬೆಂಚಿನಲ್ಲಿ ಜಾಗ ಇಲ್ಲ ಅಂದ ಮೊದಲ ದಿನವೇ. ಹೊರಗೆ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಒಂದು ಸ್ಟೂಲು ಹಾಕಿಸಿದ. ಅಲ್ಲಿಂದ ದನಿ ಕೇಳುತ್ತದೆ, ಬೋರ್ಡು ಕಾಣುವುದಿಲ್ಲ. ಬರುವವರೆಲ್ಲ ಅವಳ ಮೂಗಿನ ಮುಂದೆ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ಕೆಲವರು ಅವಳನ್ನು ಚಪ್ಪಲಿ ಕಾಯುವವಳು ಅಂದುಕೊಂಡು, "ಸ್ವಲ್ಪ ನೋಡ್ಕೋಮ್ಮ" ಅನ್ನುತ್ತಿದ್ದರು.

"ಸಾರ್, ಮಗಳಿಗೂ ಒಂದು ಸಲ ಹೇಳಕ್ಕೆ ಬಿಡಿ," ಅಂತ ಕೇಳಿದೆ.

"ಮೊದಲು ಕಿವಿಗೆ ಬೀಳಲಿ. ಆಮೇಲೆ ಬಾಯಿ. ಮುಂದಿನ ಬ್ಯಾಚಲ್ಲಿ ನೋಡೋಣ."

ಮುಂದಿನ ಬ್ಯಾಚು ಬಂತು, ಹೋಯಿತು. ಅವನಿಗೆ ಮೂಗಿಗೆ ತುಪ್ಪ ಸವರುವುದು ಚೆನ್ನಾಗಿ ಗೊತ್ತು. ಖಾಲಿ ಬೆಂಚಿದ್ದ ದಿನವೂ ಮಗಳು ಸ್ಟೂಲಿನ ಮೇಲೆಯೇ ಇದ್ದಳು. ಪಾಠ ಕೇಳುತ್ತ ತುಟಿ ಆಡಿಸುತ್ತಿದ್ದಳು, ದನಿ ಹೊರಡುತ್ತಿರಲಿಲ್ಲ.

ನನ್ನ ಪಾತ್ರ ಮಾತ್ರ ಬೆಳೆಯುತ್ತ ಹೋಯಿತು. ಗುಡಿಸುವುದಾಯಿತು, ಒರೆಸುವುದಾಯಿತು, ಬಟ್ಟೆ ಹಿಂಡುವುದಾಯಿತು. ಹಿಂಡಿ ಹಿಂಡಿ ಬಟ್ಟೆಯಲ್ಲಿ ನೀರೇ ಇಲ್ಲದಿದ್ದರೂ ಹಿಂಡಬೇಕಿತ್ತು. ಆಮೇಲೆ ಮನಸ್ಸಿನ ಮಾತುಗಳ ಪಾಠ ಬಂತು. ದಣಿದವಳ ಹಾಗೆ ಮಾಡು ಅಂದ. ಅದಕ್ಕೆ ನಾನೇನೂ ಮಾಡಬೇಕಾಗಿರಲಿಲ್ಲ, ಸುಮ್ಮನೆ ನಿಂತೆ. ಎಲ್ಲರೂ ಟಯರ್ಡ್ ಅಂದರು. ಹಸಿದವಳ ಹಾಗೆ ಮಾಡು ಅಂದ. ಅದೂ ಸಲೀಸು. ಕೋಪ ಬಂದವಳ ಹಾಗೆ ಮಾಡು ಅಂದ. ನಾನು ಅವನನ್ನೇ ನೋಡಿದೆ. ಕೈ ಎತ್ತಲಿಲ್ಲ, ಹಲ್ಲು ಕಡಿಯಲಿಲ್ಲ, ನೋಡಿದೆ ಅಷ್ಟೆ. ಬೆಂಚಿನಲ್ಲಿದ್ದವರು ಪುಸ್ತಕ ನೋಡತೊಡಗಿದರು. ಅವನು ಬೋರ್ಡು ತೋರಿಸುವ ಕಡ್ಡಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡ.

"ಅಷ್ಟು ಬೇಡಮ್ಮ. ತಮಾಷೆಗೆ ಮಾಡು," ಅಂದ.

ತಮಾಷೆಗೆ ಕೋಪ ಮಾಡುವುದು ನನಗೆ ಬರುವುದಿಲ್ಲ ಅಂದೆ. ಆ ಪಾಠವನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಮುಗಿಸಿದ. ಚಿತ್ರ ಬರೆಯಲು ಬರುತ್ತದೆ ಅಂತ ಅವತ್ತು ಗೊತ್ತಾಯಿತು.

ಎಲ್ಲಕ್ಕಿಂತ ಕೆಟ್ಟದ್ದು ಬಕೆಟ್ಟು. ಅದನ್ನು ನೀರು ತುಂಬಿಸಿ ಎದೆಯ ಮಟ್ಟಕ್ಕೆ ಎತ್ತಿ ಹಿಡಿಯಬೇಕು. ಒಬ್ಬೊಬ್ಬರೂ ಹೇಳಿ ಮುಗಿಸುವವರೆಗೂ ಇಳಿಸುವ ಹಾಗಿಲ್ಲ. ಶಿ ಈಸ್ ಲಿಫ್ಟಿಂಗ್ ಎ ಬಕೆಟ್. ಬಾಯಿ ಚುರುಕಿರುವವರಿದ್ದರೆ ಬೇಗ ಮುಗಿಯುತ್ತದೆ. ನಮ್ಮಲ್ಲೊಬ್ಬ ಡ್ರೈವರ್ ಇದ್ದ. ಶಾಲೆಯ ವ್ಯಾನು ಓಡಿಸುವವನು. ಒಳ್ಳೆಯ ಮನುಷ್ಯ, ಆದರೆ ತೊದಲು. ಶಿ ಅನ್ನುವಲ್ಲೇ ಸಿಕ್ಕಿಕೊಳ್ಳುತ್ತಿದ್ದ. ಶಿ, ಶಿ, ಶಿ. ಹಿಡಿಕೆ ನನ್ನ ಬೆರಳೊಳಗೆ ಇಳಿಯುತ್ತಿತ್ತು. ಸೊಂಟದಿಂದ ಒಂದು ನೋವು ಹೊರಟು ಕಾಲಿನವರೆಗೂ ಹೋಗುತ್ತಿತ್ತು. ತೋಳು ನಡುಗಿ ನೀರು ತುಳುಕಿ ಸೀರೆ ನೆನೆಯುತ್ತಿತ್ತು. ತುಳುಕಿದ ನೀರು ಆಮೇಲೆ ಒರೆಸಬೇಕಾದವಳೂ ನಾನೇ.

ಒಂದು ದಿನ ಮೆಟ್ಟಿಲಿನಲ್ಲಿ ಆ ಡ್ರೈವರನ್ನು ಅಡ್ಡಗಟ್ಟಿದೆ.

"ಏನಪ್ಪಾ, ನಿಂಗೆ ಕರುಣೆ ಇಲ್ವಾ? ಬೇಗ ಹೇಳಿ ಮುಗಿಸಬಾರದಾ?"

ಅವನು ತಲೆ ತಗ್ಗಿಸಿದ. ಮಾತು ಹೊರಡಲು ತುಂಬ ಹೊತ್ತಾಯಿತು.

"ಅಕ್ಕಾ, ನೀವು ಹಂಗೆ ಹಿಡ್ಕೊಂಡು ನಿಂತಿರೋದು ನೋಡಿದ್ರೆ ಇನ್ನೂ ಬಾಯಿ ಕಟ್ಟುತ್ತೆ. ಅಕ್ಕನ್ನ ಕೂರಿಸಿ ಸಾರ್, ಚಿತ್ರ ತೋರಿಸಿ, ಅಂದೆ. ಚಿತ್ರದಲ್ಲಿ ಜೀವ ಇರಲ್ಲ ಅಂದ್ರು."

ಡ್ರೈವರ್ ಮೇಲಿನ ಸಿಟ್ಟು ಅಲ್ಲೇ ಇಳಿಯಿತು. ಇಬ್ಬರನ್ನೂ ಒಂದೇ ಕಡ್ಡಿಯಲ್ಲಿ ಕುಣಿಸುತ್ತಿದ್ದವನ ಮೇಲೆ ಏರಿತು. ಮರುದಿನ ಬೇಗ ಹೋಗಿ, ಬಕೆಟ್ ಖಾಲಿ ಇರಲಿ ಸಾರ್, ಅಂತ ಕೇಳಿಕೊಂಡೆ. ಕೇಳಿಕೊಂಡೆ ಅನ್ನುವಾಗಲೂ ಈಗ ಮೈ ಉರಿಯುತ್ತದೆ.

"ಖಾಲಿ ಎತ್ತಿದ್ರೆ ಮುಖದಲ್ಲಿ ಕಷ್ಟ ಕಾಣಲ್ಲಮ್ಮ. ಕಷ್ಟ ಕಂಡ್ರೇನೇ ಮಾತು ತಲೇಲಿ ನಿಲ್ಲೋದು," ಅಂದ.

ಅವನ ಪಾಠಕ್ಕೆ ನನ್ನ ಮುಖದ ಕಷ್ಟ ಬೇಕಿತ್ತು. ಅದನ್ನು ಮುಚ್ಚುಮರೆಯಿಲ್ಲದೆ, ಒಳ್ಳೆಯ ಮಾತು ಹೇಳುವವನ ಹಾಗೆ ಹೇಳಿದ. ಒಳಗೆ ಹೊತ್ತಿಕೊಂಡಿತು. ಸ್ಟೂಲಿನ ಮೇಲೆ ಕೂತ ಮಗಳನ್ನು ನೋಡಿದೆ, ನುಂಗಿಕೊಂಡೆ, ಬಕೆಟ್ ತುಂಬಿಸಲು ನಲ್ಲಿ ತಿರುಗಿಸಿದೆ.

ಒಂದು ಬೆಳಗ್ಗೆ ಏಳಲು ಹೋದರೆ ಸೊಂಟ ಏಳಲಿಲ್ಲ. ಮಗ್ಗುಲು ಬದಲಾಯಿಸಿದರೂ ಕಣ್ಣಲ್ಲಿ ನೀರು. ಗಂಡ ಗೋಡೆಗೆ ಒರಗಿಸಿ ಕೂರಿಸಿ ಮುಲಾಮು ಹಚ್ಚಿದ. ಸಂಜೆಯಾದರೂ ನೆಟ್ಟಗಾಗಲಿಲ್ಲ. ಮಗಳು ಕಾಲೇಜಿನಿಂದ ಬಂದು ಚೀಲ ಇಟ್ಟಳು.

"ನಾನು ಹೋಗಿ ಗುಡಿಸಿ ಬರ್ತೀನಮ್ಮ. ಇಲ್ದಿದ್ರೆ ನಿನ್ನ ಕೆಲಸಕ್ಕೆ ಬೇರೆಯವರನ್ನ ಹಾಕ್ಕೊಳ್ತಾರೆ."

"ಬೇಡ ಅಂದ್ನಲ್ಲ."

"ಇವತ್ತೊಂದು ದಿನ. ಗುಡಿಸಿ ಕೂತ್ಕೊಂಡು ಪಾಠ ಕೇಳಿ ಬರ್ತೀನಿ."

ಹೋಗಿಬಿಟ್ಟಳು. ಗಂಡನೂ ಡಬ್ಬಿ ತೆಗೆದುಕೊಂಡು ಹೊರಟ. ನಾನು ಒಬ್ಬಳೇ ಗೋಡೆ ನೋಡುತ್ತ ಕೂತೆ. ಅವತ್ತು ಹೊಸದಾಗಿ ಸೇರುವವರಿಗೆ ಪಾಠ ತೋರಿಸುವ ದಿನ ಅಂತ ಆಗ ನೆನಪಾಯಿತು. ಅಂಥ ದಿನ ಅವನ ಆರ್ಭಟ ಜಾಸ್ತಿ. ಬಕೆಟ್ ಇಲ್ಲದೆ ಅವನ ಪಾಠ ಮುಗಿಯುವುದಿಲ್ಲ. ನಾನಿಲ್ಲ ಅಂದರೆ ಯಾರು ಎತ್ತಬೇಕು?

ಹೇಗೆ ಎದ್ದೆ ಅಂತ ಕೇಳಬೇಡಿ. ಬಾಗಿಲು ಹಿಡಿದೆ, ಪಕ್ಕದ ಮನೆಯ ಗೋಡೆ ಹಿಡಿದೆ, ಬೀದಿದೀಪದ ಕಂಬ ಹಿಡಿದೆ. ಬಸ್ಸಿನಲ್ಲಿ ಕೂರಲಾಗದೆ ಕಂಬಿಗೆ ಜೋತುಬಿದ್ದೆ. ಬಟ್ಟೆ ಅಂಗಡಿಯ ಪಕ್ಕದ ಮೆಟ್ಟಿಲನ್ನು ಕೈಯೂರಿ ಹತ್ತಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಕಿವಿಗೆ ಬಿತ್ತು. ಯಾರೋ ಹೇಳುತ್ತಿದ್ದರು. ಶಿ ಈಸ್ ಲಿಫ್ಟಿಂಗ್ ಎ ಬಕೆಟ್.

ಸ್ಟೂಲು ಖಾಲಿ ಇತ್ತು.

ಬಾಗಿಲಲ್ಲಿ ನಿಂತು ನೋಡಿದೆ. ಬೋರ್ಡಿನ ಮುಂದೆ ನನ್ನ ಮಗಳು. ಕಾಲೇಜಿಗೆ ಹೋದ ಬಟ್ಟೆಯಲ್ಲೇ ಇದ್ದಳು. ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡು ತುಂಬಿದ ಬಕೆಟ್ಟನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದಳು. ತೋಳು ನಡುಗುತ್ತಿತ್ತು. ಮುಖದಲ್ಲಿ ಅವನಿಗೆ ಬೇಕಾದ ಕಷ್ಟವೆಲ್ಲ ಇತ್ತು. ಗೋಡೆಯ ಉದ್ದಕ್ಕೂ ಹೊಸಬರು ನಿಂತು ನೋಡುತ್ತಿದ್ದರು. ಬೆಂಚಿನವರು ಒಬ್ಬೊಬ್ಬರಾಗಿ ಎದ್ದು ಅವಳನ್ನು ತೋರಿಸಿ ಹೇಳುತ್ತಿದ್ದರು. ನನ್ನನ್ನು ನೋಡಿ ಅವಳ ಕಣ್ಣು ತುಂಬಿತು, ಬಕೆಟ್ ಮಾತ್ರ ಇಳಿಸಲಿಲ್ಲ. ಇಳಿಸಿದರೆ ನನ್ನ ಕೆಲಸ ಹೋಗುತ್ತದೆ ಅಂತ ಹೆದರಿದ್ದಳು.

ಅವನೂ ನನ್ನನ್ನು ನೋಡಿದ. ಮುಖ ಅರಳಿತು.

"ಬಂದ್ಯಾ? ಒಳ್ಳೇ ಹೊತ್ತಿಗೆ ಬಂದೆ. ಬಾ, ನೀನೂ ಒಂದು ಕೈ ಹಾಕು. ಅಮ್ಮ ಮಗಳು ಇಬ್ಬರೂ ಹಿಡ್ಕೊಳ್ಳಿ." ಬೆಂಚಿನ ಕಡೆ ತಿರುಗಿದ. "ಈಗ ದೇ. ದೇ ಆರ್ ಲಿಫ್ಟಿಂಗ್."

ದೇ ಅಂದರೆ ಅವರು. ಇಷ್ಟು ದಿನ ಬಕೆಟ್ ಹಿಡಿದು ನಿಂತವಳಿಗೆ ಅಷ್ಟು ಅರ್ಥವಾಗುತ್ತದೆ. ಇಷ್ಟು ದಿನ ಒಬ್ಬಳಿದ್ದಳು, ಈಗ ಮಗಳೂ ಸೇರಿದಳು, ಪಾಠ ಮುಂದಕ್ಕೆ ಹೋಯಿತು. ಅವನಿಗೆ ಅದು ಬಯಸದೆ ಸಿಕ್ಕ ಅನುಕೂಲ. ನಾನು ಯಾವುದು ಆಗಬಾರದು ಅಂತ ಸೊಂಟ ಮುರಿದುಕೊಂಡೆನೋ ಅದು ನನ್ನ ಕಣ್ಣೆದುರೇ ನಡೆಯುತ್ತಿತ್ತು.

ನಾನು ಮುಂದೆ ಹೋದೆ. ಹಿಡಿಕೆಗೆ ಕೈ ಹಾಕಿದೆ. ಬೆಂಚಿನಲ್ಲಿ ಯಾರೋ ಹೇಳಲು ಎದ್ದರು. ನಾನು ಬಕೆಟ್ಟನ್ನು ಕೆಳಗೆ ಇಳಿಸಿದೆ.

"ಇಳಿಸಬೇಡ, ಇಳಿಸಬೇಡ," ಅಂದ ಅವನು.

"ಇಳಿಸಿ ಆಯ್ತು ಸಾರ್."

ಮಗಳ ಅಂಗೈ ಬಿಡಿಸಿ ನೋಡಿದೆ. ಹಿಡಿಕೆಯ ಗೆರೆ ಕೆಂಪಗೆ ಮೂಡಿತ್ತು. ನನ್ನ ಕೈಯಲ್ಲಿ ಅದು ಕಪ್ಪಗೆ ಗಟ್ಟಿಯಾಗಿ ಕೂತಿದೆ. ಅವಳ ಕೈಯಲ್ಲಿ ಇನ್ನೂ ಹಸಿಯಾಗಿತ್ತು.

"ಇದೇನಮ್ಮ ನಾಟಕ? ಹೊಸಬರು ಬಂದಿದ್ದಾರೆ. ಆಮೇಲೆ ಮಾತಾಡೋಣ."

"ಆಮೇಲೆ ಅಂತ ಎಷ್ಟು ದಿನ ಹೇಳಿದ್ರಿ ಸಾರ್. ಅವಳಿಗೆ ಬೆಂಚು ಕೊಡ್ತೀನಿ ಅಂದ್ರಿ, ಕೊಡಲಿಲ್ಲ. ಮಾತಾಡಿಸ್ತೀನಿ ಅಂದ್ರಿ, ಮಾತಾಡಿಸಲಿಲ್ಲ. ಚಪ್ಪಲಿ ಹತ್ರ ಕೂರಿಸಿದ್ರಿ. ಒಳಗೆ ಕರೆದಿದ್ದು ಇವತ್ತೇ, ಅದೂ ಬಕೆಟ್ ಎತ್ತಕ್ಕೆ."

"ಫ್ರೀಯಾಗಿ ಕಲಿಸ್ತಿದ್ದೀನಿ ಅನ್ನೋದು ನೆನಪಿರಲಿ."

"ಫ್ರೀ ಅಲ್ಲ. ನನ್ನ ಸೊಂಟ ಕೊಟ್ಟಿದ್ದೀನಿ."

ಬೋರ್ಡಿನ ಪಕ್ಕದ ಅವನ ತಿರುಗುವ ಕುರ್ಚಿ ನನ್ನ ಕೈಗೆ ಸಿಕ್ಕಿತು. ಎಳೆದು ಬೆಂಚುಗಳ ಮುಂದೆ, ಬೋರ್ಡಿನ ಎದುರಿಗೆ ಇಟ್ಟೆ. ಮಗಳ ಭುಜ ಹಿಡಿದೆ.

"ಕೂತ್ಕೋ."

"ಅಮ್ಮಾ..."

"ಕೂತ್ಕೊಳ್ಳೇ. ಪಾಠಕ್ಕೆ ಬಂದವಳು ನೀನು."

ಅವಳು ಕೂತಳು, ಕುರ್ಚಿಯ ತುದಿಯಲ್ಲಿ. ಅವನ ಮುಖ ಕೆಂಪಗಾಯಿತು. ಏಳು ಅಂತ ಅವಳಿಗೆ ಹೇಳಿದ. ಅವಳು ನನ್ನನ್ನು ನೋಡಿದಳು. ನಾನು ತಲೆ ಆಡಿಸಲಿಲ್ಲ, ಕಣ್ಸನ್ನೆಯನ್ನೂ ಮಾಡಲಿಲ್ಲ. ಅದು ಅವಳಿಗೆ ಬಿಟ್ಟದ್ದು. ಅವಳು ಹಿಂದಕ್ಕೆ ಸರಿದು ಸರಿಯಾಗಿ ಕೂತಳು.

"ಪಾಠ ನಡೆಯಲಿ," ಅಂದ ಅವನು ಬೆಂಚಿನ ಕಡೆಗೆ, ಏನೂ ಆಗದವನ ಹಾಗೆ, ತನ್ನ ನಿಯಮ ಮರೆತು ನಮ್ಮ ಭಾಷೆಯಲ್ಲೇ. ಕಡ್ಡಿಯನ್ನು ಡ್ರೈವರ್ ಕಡೆ ಚಾಚಿದ. "ನೆಕ್ಸ್ಟ್. ಹೇಳು. ಬಕೆಟ್ ಎತ್ತಿದ್ದಾಗ ನೋಡಿದ್ಯಲ್ಲ, ಅದನ್ನೇ ಹೇಳು."

ಡ್ರೈವರ್ ಎದ್ದು ನಿಂತ. ಬಾಯಿ ತೆರೆದ. ದನಿ ಹೊರಡಲಿಲ್ಲ. ಕತ್ತಿನ ನರ ಬಿಗಿಯಿತು, ಕಣ್ಣು ಮುಚ್ಚಿದ, ತೆರೆದ. ಎಲ್ಲರೂ ಕಾದರು. ನಾನೂ ಕಾದೆ. ಈ ಸಲ ಕೈಯಲ್ಲಿ ಬಕೆಟ್ ಇರಲಿಲ್ಲ, ಅವನು ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಬಹುದಿತ್ತು.

"ನಾ... ನಾ... ನಾನು ಹೇ... ಹೇಳಲ್ಲ," ಅಂದ ಕೊನೆಗೆ. ಕೂತ.

ಅವನ ಪಕ್ಕದಲ್ಲಿದ್ದ ಆಸ್ಪತ್ರೆಯ ಆಯಾ ತನ್ನ ಸರದಿ ಬಂದಾಗ ಏಳಲೇ ಇಲ್ಲ. ಪುಸ್ತಕ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡಳು. ಗೋಡೆಯ ಹತ್ತಿರ ನಿಂತಿದ್ದ ಹೊಸಬರಲ್ಲಿ ಒಬ್ಬರು ಸದ್ದಾಗದ ಹಾಗೆ ಹೊರಗೆ ಹೋಗಿ ಚಪ್ಪಲಿ ಹುಡುಕತೊಡಗಿದರು. ಇನ್ನೊಬ್ಬರು ಹಿಂದೆಯೇ ಹೋದರು.

ಅವನು ನನ್ನ ಕಡೆ ತಿರುಗಿದ. ಬೆಣ್ಣೆಯ ದನಿ ಪೂರ್ತಿ ಹೋಗಿತ್ತು.

"ನಾಳೆಯಿಂದ ನೀನು ಬರಬೇಡ. ಈಗಲೇ ಹೊರಡು. ಹೋಗ್ತಾ ಆ ಬಕೆಟ್ ಎತ್ಕೊಂಡು ಹೋಗು."

ಕೆಲಸ ಹೋಯಿತು ಅಂತ ಆ ಕ್ಷಣ ಗೊತ್ತಾಯಿತು. ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳು. ಬಾಡಿಗೆ, ಅಕ್ಕಿ, ಮಗಳ ಬಸ್ಸು ಎಲ್ಲ ಒಟ್ಟಿಗೆ ತಲೆಗೆ ಬಂತು. ಬಕೆಟ್ ನಮ್ಮಿಬ್ಬರ ನಡುವೆ ನೆಲದ ಮೇಲೆ ನಿಂತಿತ್ತು, ತುಳುಕಿದ ನೀರು ಅವನು ಒಳಗೂ ಬಿಚ್ಚದ ಬೂಟಿನ ಕಡೆ ಹರಿಯುತ್ತಿತ್ತು. ಎತ್ತಿಬಿಡೋಣ, ಗಲಾಟೆ ಮುಗಿಯಲಿ ಅಂತ ಒಂದು ಗಳಿಗೆ ಕೈ ತಾನಾಗಿ ಮುಂದೆ ಹೋಯಿತು. ರೂಢಿ ಅಷ್ಟು ಕೆಟ್ಟದ್ದು. ಕೈಯನ್ನು ಹಿಂದಕ್ಕೆ ತಂದು ಸೊಂಟದ ಮೇಲೆ ಇಟ್ಟುಕೊಂಡೆ.

"ಎತ್ತಲ್ಲ."

"ಏನಂದೆ?"

"ಎತ್ತಲ್ಲ ಅಂದೆ. ನಾನೂ ಎತ್ತಲ್ಲ, ಅವಳೂ ಎತ್ತಲ್ಲ. ಪಾಠಕ್ಕೆ ಬೇಕಾಗಿರೋದು ನಿಮಗೆ. ನೀವೇ ಎತ್ತಿ."

ಅವನು ಸುತ್ತ ನೋಡಿದ. ಡ್ರೈವರನ್ನು ನೋಡಿದ, ಆಯಾಳನ್ನು ನೋಡಿದ, ಮುಂದಿನ ಬೆಂಚಿನವರನ್ನು ನೋಡಿದ. ಯಾರೂ ಎದ್ದು ಬರಲಿಲ್ಲ. ನೀರು ಬೂಟಿಗೆ ತಾಗಿತು. ಅವನು ಬಾಯಲ್ಲೇ ಏನೋ ಬೈದುಕೊಂಡು ಬಗ್ಗಿದ. ಬಗ್ಗಿದ್ದನ್ನು ನಾನು ಮೊದಲ ಸಲ ನೋಡಿದ್ದು. ಎರಡೂ ಕೈಯಲ್ಲಿ ಹಿಡಿಕೆ ಹಿಡಿದು ಎತ್ತಿದ. ಭಾರ ಅಷ್ಟಿರುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ. ಮುಖ ಸಿಂಡರಿಸಿದ, ನೀರು ತುಳುಕಿ ಪ್ಯಾಂಟು ನೆನೆಯಿತು.

ಆಗ ಕುರ್ಚಿಯಿಂದ ಒಂದು ದನಿ ಬಂತು. ಜೋರಾಗಿರಲಿಲ್ಲ, ಆದರೆ ಕೊನೆಯ ಬೆಂಚಿಗೂ ಕೇಳಿಸುವ ಹಾಗಿತ್ತು.

"ಹಿ ಈಸ್ ಲಿಫ್ಟಿಂಗ್ ಎ ಬಕೆಟ್."

ಆ ಕೋಣೆಯಲ್ಲಿ ನನ್ನ ಮಗಳು ಆಡಿದ ಮೊದಲ ಮಾತು ಅದು. ಎಲ್ಲೂ ತಡೆಯಲಿಲ್ಲ, ತಪ್ಪಲಿಲ್ಲ. ಚಪ್ಪಲಿಗಳ ಪಕ್ಕ ಕೂತು ಅಷ್ಟು ದಿನ ತುಟಿಯಲ್ಲೇ ಇಟ್ಟುಕೊಂಡಿದ್ದಳು.

ಅವನು ಬಕೆಟ್ ಹಿಡಿದುಕೊಂಡೇ ತಿರುಗಿದ.

"ನಿಂಗೆ ಮಾತಾಡು ಅಂತ ಯಾರು ಹೇಳಿದ್ದು?"

"ಇಷ್ಟು ದಿನ ಯಾರೂ ಹೇಳ್ಲಿಲ್ಲ ಸಾರ್," ಅಂದಳು.

ಕುರ್ಚಿಯಿಂದ ಏಳಲಿಲ್ಲ.